ಪಾಯದೊಳಗಿನ ಯಜಮಾನ

ನಾನು ಕಟ್ಟಿಸುತ್ತಿರುವ ಮನೆಯ ಪಾಯ ಎಷ್ಟು ಆಳವೆಂದರೆ, ಅದರ ತಳಕ್ಕೆ ಕಿವಿಯಿಟ್ಟರೆ ಭೂಮಿಯ ಆ ಬದಿಯಲ್ಲಿ ಮನೆ ಕಟ್ಟಿಸುವವರು ತಮ್ಮ ಮೇಸ್ತ್ರಿಯ ಜೊತೆ ಜಗಳವಾಡುವುದು ಕೇಳಿಸುತ್ತಿತ್ತು. ಭಾಷೆ ತಿಳಿಯುತ್ತಿರಲಿಲ್ಲ, ಧಾಟಿ ತಿಳಿಯುತ್ತಿತ್ತು: ನಾಳೆ ಬರುತ್ತೇನೆಂದವನು ಅಲ್ಲೂ ಬಂದಿರಲಿಲ್ಲ. ನನ್ನ ಕೈಜಾರಿದ ಸುತ್ತಿಗೆಯೊಂದು ಆ ಪಾಯದೊಳಗೆ ಬಿದ್ದದ್ದು ಬಿದ್ದೇ ಹೋಯಿತು. ಈಗ ಆ ಕಡೆಯವರು ಅದರಲ್ಲಿ ಮೊಳೆ ಹೊಡೆಯುತ್ತಿರಬೇಕು. ನಂಬಿಕೆಯಿಲ್ಲದವರು ಬಂದು ನೋಡಬಹುದಿತ್ತು, ಆದರೆ ಏನು ಮಾಡೋಣ, ಈಗ ಅದರ ತುಂಬ ಕಲ್ಲು ತುಂಬಿಯಾಗಿದೆ.

ಅಂಥ ಪಾಯದೊಳಗೆ ಒಂದು ಬೆಳಿಗ್ಗೆ ನಾನು ಸಿಕ್ಕಿಹಾಕಿಕೊಂಡೆ. ಏಣಿಯಿಲ್ಲ, ಹಗ್ಗವಿಲ್ಲ, ಕೂಗುವ ಹಾಗೂ ಇಲ್ಲ. ಕೂಗುವ ಹಾಗೆ ಯಾಕಿರಲಿಲ್ಲ ಎಂಬುದೇ ಕತೆ.

ಅದುವರೆಗೆ ನಾವಿದ್ದದ್ದು ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ. ಅದೆಷ್ಟು ಇಕ್ಕಟ್ಟೆಂದರೆ ನಾನು ಆಕಳಿಸಬೇಕಾದರೆ ಹೆಂಡತಿ ಬಾಗಿಲಾಚೆ ಹೋಗಿ ನಿಲ್ಲಬೇಕು. ಅವಳು ಬಟ್ಟೆ ಹೊಲಿಯುವವಳು. ಬೀದಿಯ ಅರ್ಧ ಜನರ ಮೈಮೇಲೆ ಅವಳ ಹೊಲಿಗೆಯಿದೆ. ಆದರೆ ಬಟ್ಟೆ ಕತ್ತರಿಸಲು ಅವಳಿಗಿದ್ದ ಜಾಗ ನಾವು ಮಲಗುವ ಮಂಚ ಒಂದೇ. ಮಂಡಿಯೂರಿ, ಬೆನ್ನು ಬಾಗಿಸಿ, ಹಾಸಿಗೆಯ ಮೇಲೆ ಬಟ್ಟೆ ಹರಡಿ ಕತ್ತರಿಸಬೇಕು. ನನ್ನ ಬೆನ್ನಿಗೆ ಚುಚ್ಚಿದ ಗುಂಡುಪಿನ್ನುಗಳನ್ನೆಲ್ಲ ಕೂಡಿಟ್ಟಿದ್ದರೆ ಇವತ್ತು ಮನೆಗೆ ಕಂಬಿ ಕೊಳ್ಳುವ ಅಗತ್ಯವೇ ಇರುತ್ತಿರಲಿಲ್ಲ. ಒಮ್ಮೆಯಂತೂ ಮಧ್ಯಾಹ್ನದ ನಿದ್ದೆಯಿಂದ ಎದ್ದು ನೋಡುತ್ತೇನೆ, ನನ್ನ ಹೊದಿಕೆಗೆ ಕಾಲರ್ ಬಂದಿತ್ತು.

ಜಾಗ ಕೊಂಡ ದಿನ ಅವಳು ಕೇಳಿದ್ದು ಒಂದೇ ಮಾತು.

"ಬೀದಿ ಕಡೆ ಕಿಟಕಿ ಇರೋ ಒಂದು ರೂಮು. ಅದರಲ್ಲಿ ಒಂದು ದೊಡ್ಡ ಮೇಜು. ನಿಂತ್ಕೊಂಡು ಕತ್ತರಿಸ್ಬೇಕು, ಸುತ್ತ ಓಡಾಡೋ ಹಾಗಿರ್ಬೇಕು. ಮಿಕ್ಕಿದ್ದು ನೀವು ಏನು ಬೇಕಾದ್ರೂ ಕಟ್ಕೊಳ್ಳಿ."

"ಅಷ್ಟೇನಾ?" ಎಂದೆ ನಾನು. "ಮೇಜಿನ ಸುತ್ತ ಸೈಕಲ್ ಹೊಡೀಬಹುದು, ಅಂಥ ರೂಮು ಕಟ್ಟಿಸ್ತೀನಿ."

ಮಾತು ಕೊಟ್ಟವನು ನಾನೇ. ಅದನ್ನು ಕೆಡಿಸಿದ್ದು ನನ್ನ ಬಾಯಿ. ಅವೆರಡೂ ಬೇರೆ ಬೇರೆ ಎಂದು ನನ್ನ ವಾದ.

ಆದದ್ದಿಷ್ಟು. ಅವಳ ಅಣ್ಣನ ಮನೆಗೆ ಊಟಕ್ಕೆ ಹೋಗಿದ್ದೆವು. ಈ ಭಾವನಿಗೆ ತನ್ನ ಮನೆಯ ಹಾಲ್ ಎಂದರೆ ಪ್ರಾಣ. ಸೋಫಾದಲ್ಲಿ ಕಾಲು ಚಾಚಿಕೊಂಡು ಕೇಳಿದ:

"ಏನ್ ಭಾವ, ನಿಮ್ಮ ಹಾಲ್‌ನಲ್ಲಿ ಒಂದು ಸೋಫಾನಾದ್ರೂ ಹಿಡಿಸುತ್ತೋ, ಇಲ್ಲ ಬಂದವರು ನಿಂತ್ಕೊಂಡೇ ಹೋಗ್ಬೇಕೋ?"

"ಸೋಫಾ ಲೆಕ್ಕ ಬಿಡಿ," ಎಂದೆ. "ಈ ತುದೀಲಿ ಕೂತವರು ಆ ತುದೀಲಿ ಕೂತವರ ಜೊತೆ ಮಾತಾಡ್ಬೇಕಾದ್ರೆ ಫೋನ್ ಮಾಡ್ಬೇಕು, ಹಾಗಿದೆ ನಮ್ಮ ಹಾಲ್."

"ಹೌದಾ? ಭಾನುವಾರ ಬರ್ತೀನಿ. ಹೆಜ್ಜೆ ಹಾಕಿ ಅಳೆದೇ ನೋಡ್ತೀನಿ."

ಪಕ್ಕದಲ್ಲಿದ್ದ ನನ್ನ ಹೆಂಡತಿ ತಟ್ಟೆಯಿಂದ ತಲೆಯೆತ್ತಲಿಲ್ಲ. ನಮ್ಮ ಬೀದಿಯವರು ನನಗೆ 'ಅರಮನೆ' ಎಂದು ಅಡ್ಡಹೆಸರಿಟ್ಟಿರುವುದು ಅವಳಿಗೆ ಗೊತ್ತು. "ಅರಮನೆ ಬಂದ್ರು, ಜಾಗ ಬಿಡ್ರೋ" ಎಂದು ಅವರು ಹೇಳುವುದು ಗೌರವದಿಂದಲ್ಲ ಎಂಬುದೂ ಗೊತ್ತು.

ಮನೆ ಕಟ್ಟಿದವರಿಗೆಲ್ಲ ಗೊತ್ತಿರುವ ಒಂದು ಸಂಗತಿಯಿದೆ. ಬಯಲಿನಲ್ಲಿ ಗೆರೆ ಎಳೆದಾಗ ಕೋಣೆಗಳು ಬೆಂಕಿಪೊಟ್ಟಣದಂತೆ ಕಾಣುತ್ತವೆ. ಮೇಲೆ ಇಡೀ ಆಕಾಶವಿರುವಾಗ ಕೆಳಗಿನದು ಚಿಕ್ಕದಾಗಿ ಕಾಣದೆ ಇನ್ನೇನಾದೀತು? "ಗೋಡೆ ಏಳಲಿ ಯಜಮಾನ್ರೇ, ಆಮೇಲೆ ದೊಡ್ಡದಾಗುತ್ತೆ" ಎಂದು ಮೇಸ್ತ್ರಿ ಮೊದಲೇ ಹೇಳಿದ್ದ. ಹೊರಗೋಡೆಗಳ ಪಾಯವನ್ನು ಹಿಂದಿನ ದಿನವೇ ಅಗೆದಾಗಿತ್ತು. ಒಳಗೋಡೆಗಳಿಗೆ ಗೂಟ ಹೊಡೆದು, ಗೂಟದಿಂದ ಗೂಟಕ್ಕೆ ದಾರ ಕಟ್ಟಿ, ದಾರದ ಕೆಳಗೆ ಸುಣ್ಣದ ಪುಡಿ ಉದುರಿಸಿಟ್ಟಿದ್ದ. ಆಳುಗಳು ಬಂದು ಸುಣ್ಣದ ಗೆರೆಯ ಮೇಲೆ ಅಗೆಯುತ್ತಾರೆ, ಟ್ರ್ಯಾಕ್ಟರ್‌ನಲ್ಲಿ ಕಲ್ಲು ಬರುತ್ತದೆ, ಕಲ್ಲು ಒಳಗೆ ಬಿತ್ತೋ ಆಮೇಲೆ ಆ ಗೋಡೆ ಸಾಯುವ ತನಕ ಅಲ್ಲೇ.

ಆ ಬೆಳಿಗ್ಗೆ ಹೆಂಡತಿಗೆ "ಸಿಮೆಂಟ್ ಅಂಗಡಿಗೆ ಹೋಗ್ಬರ್ತೀನಿ" ಎಂದು ಹೇಳಿ, ಯಾರೂ ಬರುವ ಮೊದಲೇ ನಾನು ಜಾಗಕ್ಕೆ ಹೋದೆ. ಭಾವನ ಹಾಗೆ ಗತ್ತಿನಿಂದ ಹೆಜ್ಜೆ ಹಾಕುತ್ತಾ ಹಾಲ್ ಅಳೆದೆ. ಈ ತುದಿಯವರು ಆ ತುದಿಯವರಿಗೆ ಫೋನ್ ಮಾಡುವುದಿರಲಿ, ಕೈಚಾಚಿ ಕೆನ್ನೆಗೆ ಹೊಡೆಯಬಹುದಿತ್ತು. ಹಾಲ್‌ಗೂ ಹೆಂಡತಿಯ ಕೋಣೆಗೂ ನಡುವೆ ಇದ್ದದ್ದು ಒಂದು ದಾರ. ಬರೀ ದಾರ! ಚಪ್ಪಲಿ ಬಿಚ್ಚಿಟ್ಟೆ, ಸುಣ್ಣದ ಮೇಲೆ ಅಚ್ಚು ಮೂಡಬಾರದಲ್ಲ. ಗೂಟಗಳನ್ನು ಕಿತ್ತು ಅವಳ ಕೋಣೆಯ ಕಡೆಗೆ ಒಂದು ಕೂದಲೆಳೆಯಷ್ಟು ಸರಿಸಿ ಹೊಡೆದೆ. ಹಳೆಯ ಗೆರೆಯನ್ನು ಪಾದದಿಂದ ಉಜ್ಜಿ ಅಳಿಸಿದೆ. ಡಬ್ಬಿಯಿಂದ ಹೊಸ ಗೆರೆ ಉದುರಿಸಿದೆ. ಕೆಲಸ ಎಷ್ಟು ನಾಜೂಕಾಗಿತ್ತೆಂದರೆ ತನ್ನ ಮೇಲೆ ಗೆರೆ ಸರಿದದ್ದು ಭೂಮಿಗೇ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಬೀದಿಯ ಕಡೆಯಿಂದ ಮಾತು ಕೇಳಿಸಿತು. ಮೇಸ್ತ್ರಿಯ ದನಿ. ಅದರ ಹಿಂದೆ ನನ್ನ ಹೆಂಡತಿಯ ದನಿ! ಅವಳು ಬರುತ್ತೇನೆಂದು ಹೇಳಿಯೇ ಇರಲಿಲ್ಲ. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಸುಣ್ಣದ ಡಬ್ಬಿ, ಕಾಲ ಬಳಿ ಬೀದಿ ಕಡೆಯ ಗೋಡೆಯ ಪಾಯ. ಹಾರಿದೆ.

ಬಿದ್ದು ತಳ ಮುಟ್ಟುವಷ್ಟರಲ್ಲಿ ಒಮ್ಮೆ ಹಸಿವಾಯಿತು, ಅಷ್ಟು ದೂರ. ಎರಡೂ ಬದಿಯ ಮಣ್ಣು ನನ್ನ ಭುಜ ಒತ್ತುತ್ತಿತ್ತು. ಕಡಿದ ಬೇರಿನ ತುದಿಗಳು ಕುತ್ತಿಗೆಗೆ ತಿವಿಯುತ್ತಿದ್ದವು. ಮೇಲೆ ನೋಡಿದರೆ ಬೆಲ್ಟಿನಷ್ಟು ಅಗಲದ ಆಕಾಶ. ಮೊಣಕಾಲು ಕಿವಿಗೆ ತಾಗುವಂತೆ ಕುಕ್ಕರಗಾಲಿನಲ್ಲಿ ಕೂತೆ. ಆಳವಾದ ಪಾಯದಲ್ಲಿ ಹಾಗೆಯೇ ಕೂರಬೇಕು, ಬೇಕಾದರೆ ತಿಳಿದವರನ್ನು ಕೇಳಿ.

"ಇದೇ ಅಮ್ಮಾ ನಿಮ್ಮ ರೂಮು," ಎಂದ ಮೇಸ್ತ್ರಿ. "ಕಿಟಕಿ ಇಲ್ಲಿ ಬರುತ್ತೆ."

"ಸ್ವಲ್ಪ ಇರಿ ಮೇಸ್ತ್ರಿ. ಮೇಜು ತಂದಿದೀನಿ."

"ಮೇಜಾ? ಎಲ್ಲಮ್ಮಾ?"

"ಚೀಲದಲ್ಲಿ."

ಚೀಲದಿಂದ ಏನು ತೆಗೆದಳೆಂದು ನನಗೆ ಕಾಣದಿದ್ದರೂ ಗೊತ್ತಿತ್ತು. ಒಂದು ವಾರದಿಂದ ಅದು ನನ್ನ ಕಾಲಿಗೆ ತೊಡರುತ್ತಿತ್ತು. ತನಗೆ ಬೇಕಾದ ಮೇಜಿನ ಅಳತೆಗೆ ಸರಿಯಾಗಿ ಅವಳೊಂದು ಹಾಸುಬಟ್ಟೆ ಕತ್ತರಿಸಿದ್ದಳು. ಅದರ ಸುತ್ತ, ಓಡಾಡಲು ಬೇಕಾಗುವಷ್ಟು ಅಗಲಕ್ಕೆ ಕೆಂಪು ಬಟ್ಟೆಯ ಅಂಚು ಕೊಟ್ಟಿದ್ದಳು. ಹೊಲಿಯುವ ಮೊದಲು ಮೈಗೆ ಹಿಡಿದು ನೋಡುವುದು ಅವಳ ಕಸುಬು. ಮನೆಗೂ ಹಾಗೇ ಹಿಡಿದು ನೋಡಲು ಬಂದಿದ್ದಳು.

ಬಟ್ಟೆ ಕೊಡವಿದ ಸದ್ದು. ದಾರದ ಬುಡದಿಂದ ಹರಡುತ್ತಾ ಬಂದಳು. ಅವಳ ಚಪ್ಪಲಿ ನನ್ನ ಮೂಗಿನ ನೇರಕ್ಕೆ ಬಂದು ನಿಂತಿತು. ಅದರ ಹಿಂದೆಯೇ ಬಟ್ಟೆಯ ತುದಿ ಪಾಯದ ಅಂಚು ದಾಟಿ ಜಾರಿ, ನನ್ನ ತಲೆಯ ಮೇಲೆ ಇಳಿಯಿತು. ಬೆಲ್ಟಿನಷ್ಟಿದ್ದ ಆಕಾಶವೂ ಹೋಯಿತು.

ಮೇಲೆ ಅವಳು ಬಟ್ಟೆಯನ್ನು ಒಮ್ಮೆ ಎಳೆದು, ಮತ್ತೆ ಹರಡಿ ನೋಡಿದಳು.

"ಮೇಸ್ತ್ರಿ, ಇದು ಹಿಡಿಸ್ತಿಲ್ಲ. ಕೆಂಪು ಅಂಚು ಪೂರ್ತಿ ಗುಂಡಿಗೆ ಬಿತ್ತು."

"ಬಟ್ಟೆ ಹಿಗ್ಗಿರ್ಬೇಕಮ್ಮಾ."

"ಬಟ್ಟೆ ವಿಷಯ ನನಗೆ ಬಿಡಿ. ನಿಮ್ಮ ದಾರ ನೋಡ್ಕೊಳ್ಳಿ."

"ನನ್ನ ದಾರ! ನಿನ್ನೆ ನಾನೇ ನಿಂತು ಕಟ್ಟಿದ್ದು. ಅದು ತಪ್ಪಿದ್ರೆ ಈ ಕರಣೆ ಇಲ್ಲೇ ಇಟ್ಟು ಮನೆಗೆ ಹೋಗ್ತೀನಿ."

ಟೇಪು ಎಳೆದ ಸದ್ದು. ಮತ್ತೆ ಎಳೆದ ಸದ್ದು. ಆಮೇಲೆ ಮೇಸ್ತ್ರಿಯ ಗಂಟಲಿನಿಂದ ನಾನು ಎಂದೂ ಕೇಳದಿದ್ದ ಒಂದು ಸಣ್ಣ ದನಿ ಬಂತು.

"ಕಮ್ಮಿ ಇದೆಯಲ್ಲಮ್ಮಾ. ಇದು ಹೇಗಾಯ್ತು? ಕನ್ನಡಕ ಬದಲಾಯಿಸು ಅಂತ ಮಗಳು ಹೇಳ್ತಾನೇ ಇದ್ದಾಳೆ. ನಾನೇ ಕೇಳಿಲ್ಲ. ಇಷ್ಟು ಮನೆ ಕಟ್ಟಿದೀನಿ, ಒಂದು ಗೆರೆ ತಪ್ಪಿರ್ಲಿಲ್ಲ... ವಯಸ್ಸಾಯ್ತು ಅನ್ಸುತ್ತೆ."

ಪಾಯದ ಗೋಡೆಗಳು ಇನ್ನಷ್ಟು ಹತ್ತಿರ ಬಂದವು. ಈ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ, ನಿಜಕ್ಕೂ ಬಂದವು. ಕಾಲು ಜೋಮು ಹಿಡಿದಿತ್ತು. ಉಸಿರಾಡಿದರೆ ಬಟ್ಟೆ ಅಲುಗುತ್ತದೆಂದು ಉಸಿರನ್ನೂ ಕಂತಿನಲ್ಲಿ ಬಿಡುತ್ತಿದ್ದೆ. 'ಈಗ ಮೇಸ್ತ್ರಿ ದಾರ ಬಿಚ್ಚಿ ಹಿಂದಕ್ಕೆ ಕಟ್ಟಲಿ, ಇಬ್ಬರೂ ಹೊರಟುಹೋಗಲಿ, ನಾನು ಸಿಮೆಂಟ್ ಅಂಗಡಿಯಿಂದ ಬಂದವನಂತೆ ಬರುತ್ತೇನೆ' ಎಂದು ಬೇಡಿಕೊಂಡೆ. ಮೇಸ್ತ್ರಿಯೂ ಅದನ್ನೇ ಹೇಳಿದ.

"ಈಗಲೇ ಬಿಚ್ಚಿ ಸರಿ ಮಾಡ್ತೀನಿ ಅಮ್ಮಾ."

"ಬೇಡ."

ಬೇಡ ಎಂದವಳು ನನ್ನ ಹೆಂಡತಿ.

"ನೀವು ಹಿಂದೆ ಸರಿಸಿದ್ರೆ ಹಾಲ್ ಚಿಕ್ಕದಾಗುತ್ತೆ. ಭಾನುವಾರ ಅಣ್ಣ ಬಂದು ಹೆಜ್ಜೆ ಹಾಕ್ತಾನೆ, ಹಲ್ಲು ಕಿರೀತಾನೆ. ಇವರು ಏನೇನೋ ಹೇಳ್ಬಿಟ್ಟಿದ್ದಾರೆ. ಅಣ್ಣನ ಮುಂದೆ ಇವರ ಮುಖ ಸಣ್ಣಗಾಗೋದು ನನಗೆ ನೋಡೋಕಾಗಲ್ಲ."

"ಮತ್ತೆ ನಿಮ್ಮ ಮೇಜು?"

"ಮೇಜೇ ಚಿಕ್ಕದು ಮಾಡ್ತೀನಿ. ಚಿಕ್ಕ ಬಟ್ಟೆ ಅದರ ಮೇಲೆ, ದೊಡ್ಡದಿದ್ರೆ ಮಂಚ ಇದ್ದೇ ಇದೆ. ಅಭ್ಯಾಸ ಆಗಿದೆ. ಕತ್ತರಿ ತಂದಿದೀನಿ, ಹೆಚ್ಚಾಗಿದ್ದನ್ನ ಇಲ್ಲೇ ತೆಗೆದುಬಿಡೋಣ."

ಪಾಯದ ಅಂಚಿನಲ್ಲಿ ಅವಳು ಮಂಡಿಯೂರಿದ್ದು ತಿಳಿಯಿತು. ಆ ಸದ್ದು ನನಗೆ ಚಿರಪರಿಚಿತ. ಮಂಡಿಯೂರುವಾಗ ಬಾಯಿಂದ ಹೊರಡುವ ಒಂದು ಸಣ್ಣ 'ಉಸ್'. ದಿನಾ ಕೇಳಿದ್ದೆ, ಮಂಚದ ಪಕ್ಕ. ಆಮೇಲೆ ಕತ್ತರಿ ಶುರುವಾಯಿತು. ಕಚ್. ಕಚ್. ಬಟ್ಟೆಯ ಆ ತುದಿಯಿಂದ ನನ್ನ ಕಿವಿಯ ಕಡೆಗೆ ಬರತೊಡಗಿತು. ಬೀದಿಯ ತಿರುವಿನಲ್ಲಿ ಟ್ರ್ಯಾಕ್ಟರ್ ಗುರುಗುಟ್ಟಿತು. ಕಲ್ಲು ಬಂದಿತ್ತು.

ಸುಮ್ಮನಿದ್ದರೆ ನಾನು ಗೆದ್ದೆ. ಭಾನುವಾರ ಭಾವ ಸೋತ. ಹಾಲ್ ನನ್ನದು. ಎಂಥ ಸಭೆಯಲ್ಲೂ ನಿಲ್ಲದ ನನ್ನ ಬಾಯಿ, ಒಂದು ಸಲ ಮುಚ್ಚಿಕೊಂಡಿರಬೇಕಷ್ಟೆ. ಕಚ್. ಕಚ್. ಕೆಂಪು ಅಂಚು ನನ್ನ ಮೂಗಿನ ಮೇಲೆ ಸಡಿಲವಾಗತೊಡಗಿತು.

"ಕತ್ತರಿಸ್ಬೇಡ ಕಣೇ!"

ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ.

"ಅಯ್ಯಯ್ಯೋ!" ಎಂದು ಮೇಸ್ತ್ರಿ ಹಾರಿಬಿದ್ದ. "ಪಾಯ ಮಾತಾಡ್ತಿದೆ ಅಮ್ಮಾ!"

"ಪಾಯ ಅಲ್ಲ ಮೇಸ್ತ್ರಿ," ಎಂದಳು ಅವಳು. "ಸಿಮೆಂಟ್ ಅಂಗಡಿ. ರೀ, ಎದ್ದೇಳಿ."

"ಹೇಗೆ ಏಳೋದೇ? ಏಣಿ ಇಲ್ಲ. ಎಷ್ಟು ಆಳ ಇದೆ ಗೊತ್ತಾ? ಇಲ್ಲಿಂದ ಆ ಕಡೆಯವರು—"

"ಎದ್ದು ನಿಂತ್ಕೊಳ್ಳಿ ಸಾಕು."

ನಿಂತೆ.

ಇನ್ನು ನಿಜ ಹೇಳಲೇಬೇಕು. ಪಾಯ ನನ್ನ ಸೊಂಟದವರೆಗಿತ್ತು. ಸೊಂಟಕ್ಕಿಂತ ಸ್ವಲ್ಪ ಕೆಳಗೆ ಎಂದರೂ ನಡೆಯುತ್ತದೆ. ಏಣಿ ಇರಲಿಲ್ಲ, ಅಂಥ ಗುಂಡಿಗೆ ಯಾರೂ ಏಣಿ ಹಾಕುವುದಿಲ್ಲ. ಭೂಮಿಯಾಚೆ ಹೋದ ಸುತ್ತಿಗೆ ನನ್ನ ಹೆಬ್ಬೆರಳಿನ ಪಕ್ಕದಲ್ಲಿತ್ತು. ಯಾವ ಗಳಿಗೆಯಲ್ಲಾದರೂ ಒಂದು ಕಾಲೆತ್ತಿ ಹೊರಗೆ ಬರಬಹುದಿತ್ತು. ತಲೆಯ ಮೇಲೆ ಮೇಜು ಹೊದ್ದುಕೊಂಡು, ಮೂತಿಗೆಲ್ಲ ಸುಣ್ಣ ಮೆತ್ತಿಕೊಂಡು, ನಾನು ಅವರಿಬ್ಬರ ನಡುವೆ ನಿಂತಿದ್ದೆ.

"ನಾನಿರೋದು ನಿನಗೆ ಹೇಗೆ ಗೊತ್ತಾಯ್ತು?"

ಅವಳು ಕತ್ತರಿಯ ತುದಿಯಿಂದ ತೋರಿಸಿದಳು. ಗೂಟದ ಪಕ್ಕದಲ್ಲಿ ನನ್ನ ಚಪ್ಪಲಿಗಳು, ಜೋಡಿ ತಪ್ಪದೆ, ಮದುವೆಮನೆಗೆ ಬಂದ ಅತಿಥಿಗಳಂತೆ ಅಚ್ಚುಕಟ್ಟಾಗಿ ಕೂತಿದ್ದವು.

"ಹಾಗಾದ್ರೆ ಕತ್ತರಿಸಿದ್ದು ಬರೀ ನಾಟಕನಾ?"

ಅವಳು ಬಟ್ಟೆಯನ್ನು ಎತ್ತಿ ಹಿಡಿದಳು. ಕೆಂಪು ಅಂಚು ಅರ್ಧಕ್ಕೂ ಹೆಚ್ಚು ಸೀಳಿಹೋಗಿತ್ತು.

"ನೀವು ಸುಮ್ನೆ ಕೂತಿದ್ರೆ ಪೂರ್ತಿ ಕತ್ತರಿಸ್ತಿದ್ದೆ," ಎಂದಳು. ನಗುತ್ತಿರಲಿಲ್ಲ.

ಮೇಸ್ತ್ರಿ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ಪಾದದಿಂದ ತಲೆಯವರೆಗೆ ನೋಡಿದ.

"ಯಜಮಾನ್ರೇ, ನನ್ನ ಕಣ್ಣು ನೆಟ್ಟಗಿದೆ ಅಲ್ವಾ?"

"ನಿಮ್ಮದು ಹದ್ದಿನ ಕಣ್ಣು ಮೇಸ್ತ್ರಿ. ಇಲ್ಲಿಂದ ನೋಡಿದ್ರೆ ಚಂದ್ರನ ಮೇಲಿರೋ—"

"ಚಂದ್ರ ಇರಲಿ," ಎಂದಳು ಹೆಂಡತಿ. "ಗೂಟ ಕಿತ್ತಿದ್ದು ಯಾರು?"

"ನಾನೇ."

ಟ್ರ್ಯಾಕ್ಟರ್ ಬಂದು ಬೀದಿಯಲ್ಲಿ ನಿಂತಿತು. ಕಲ್ಲು ಎಲ್ಲಿ ಸುರಿಯಬೇಕೆಂದು ಡ್ರೈವರ್ ಕೂಗಿ ಕೇಳಿದ. ಮೇಸ್ತ್ರಿ ಅವನಿಗೆ ತಾಳು ಎಂಬಂತೆ ಕೈಯೆತ್ತಿ, ಇನ್ನೊಂದು ಕೈಯನ್ನು ನನ್ನ ಮುಂದೆ ಚಾಚಿದ. ಸುತ್ತಿಗೆಯನ್ನು ಬಗ್ಗಿ ಎತ್ತಿ ಅವನಿಗೆ ಕೊಟ್ಟೆ.

"ಎಷ್ಟು ಸರಿಸಿದ್ರಿ?" ಎಂದಳು.

"ಕೂದಲೆಳೆಯಷ್ಟು."

ಕತ್ತರಿ ಗಾಳಿಯಲ್ಲಿ ಒಮ್ಮೆ ಕಚ್ಚೆಂದಿತು.

"ಒಂದು ಗೇಣು."

ಕಚ್.

"ಒಂದು ಹೆಜ್ಜೆ."

ಈ ಸಲ ಕತ್ತರಿ ಆಡಲಿಲ್ಲ. ಅವಳು ಮಂಡಿಗೆ ಮೆತ್ತಿದ್ದ ಮಣ್ಣನ್ನು ಕೊಡವಿಕೊಳ್ಳುತ್ತಾ ನನ್ನನ್ನೇ ನೋಡಿದಳು.

"ಎರಡು," ಎಂದೆ. "ಎರಡು ಹೆಜ್ಜೆ. ಅದೂ ನಿನ್ನಣ್ಣನ ಹೆಜ್ಜೆ."