ರೊಟ್ಟಿ ಮಣೆಯ ಕೆಳಗಿನ ಡಬ್ಬಿ

ಸೊಸೆ ತಂದುಕೊಟ್ಟದ್ದನ್ನು ಮೂಸಿ ನೋಡದೆ ಒಳಗೆ ಬಿಟ್ಟುಕೊಳ್ಳುವ ಅತ್ತೆ ತಿಕೋಟಾದಲ್ಲಿ ಇನ್ನೂ ಹುಟ್ಟಿಲ್ಲ. ಮಲಕವ್ವ ಆ ಡಬ್ಬಿಯನ್ನು ಮೂರು ಸಲ ತಿರುಗಿಸಿ ನೋಡಿದಳು. ಬೆಂಕಿಪೊಟ್ಟಣದಷ್ಟಿತ್ತು. ಗುಂಡಿ ಇಲ್ಲ, ದೀಪವೂ ಇಲ್ಲ.

ಸೊಸೆ ಸುಧಾರಾಣಿ ವಿಜಯಪುರದ ಕಾಲೇಜೊಂದರಲ್ಲಿ ಎಂಜಿನಿಯರಿಂಗ್ ಕಲಿಸುವವಳು. "ನೀವು ಏನೂ ಒತ್ತೂದು ಬ್ಯಾಡ್ರಿ ಅತ್ಯಾರ. ರೊಟ್ಟಿ ಮಣಿ ತಳಕ್ಕ ಅಂಟಸ್ತೇನಿ. ಮುಂಜಾನೆ ರೊಟ್ಟಿ ಬಡದ್ರ ನನ್ನ ಫೋನಿಗೆ 'ಆರಾಮ ಅದಾರ' ಅಂತ ಬರತೈತಿ. ಎಂಟರ ತನಕ ಬಡೀಲಿಲ್ಲಂದ್ರ ಫೋನಿನ್ಯಾಗ ಗಂಟಿ ಹೊಡೀತೈತಿ. ಬಬಲೇಶ್ವರದಾಗ ಒಬ್ಬೊಬ್ರ ಇರೋ ನಾಕು ಮಂದಿ ವಯಸ್ಸಾದ ಆಯಿಗೋಳಿಗೂ ಕೊಟ್ಟೇನ್ರಿ."

"ಮಾತು ಕೇಳತೈತೇನು?"

"ಇಲ್ರಿ, ಬಡಿತ ಅಷ್ಟ."

ಮಲಕವ್ವ ನಂಬಲಿಲ್ಲ. ಮಗ ಶಿವಲಿಂಗ ವಿಜಯಪುರದ ಅಥಣಿ ರಸ್ತೆಯಲ್ಲಿ ಮನೆ ಕಟ್ಟಿ, ಬಂದುಬಿಡು ಎಂದು ವರ್ಷದಿಂದ ಒಂದೇ ಸಮನೆ ಬೆನ್ನು ಹತ್ತಿದ್ದ. ಇಲ್ಲಿ ಅವಳಿಗೆ ಎರಡು ಆಡು, ತನ್ನದೇ ಒಲೆ, ಗೋಡೆಯಾಚೆ ಬೋರವ್ವ. ಅಲ್ಲಿಗೆ ಹೋದರೆ ಹೊತ್ತಿಗೆ ಊಟದ ತಾಟು ಬರುತ್ತದೆ ಎಂದು ಕಾಯುತ್ತ ಕೂರಬೇಕು. ಈ ಡಬ್ಬಿ ಚಾಡಿಕೋರ ಡಬ್ಬಿ, ಒಂದು ದಿನ ತನ್ನ ಕೈ ಸೋತರೆ ಸಾಕು, ಮಗನ ಕಾರು ಬಾಗಿಲಿಗೆ ಬರುತ್ತದೆ ಎಂದುಕೊಂಡಳು.

ಹಾಗಾಗಿ ಜ್ವರ ಬಂದ ದಿನವೂ ಎದ್ದು ಕುಳಿತು, ಹಿಟ್ಟಿಲ್ಲದ ಮಣೆಯನ್ನು ಬರಿಗೈಯಲ್ಲಿ ಬಡಿದು ಮತ್ತೆ ಮಲಗುತ್ತಿದ್ದಳು. ಬೋರವ್ವನಿಗೂ ಹೇಳಿರಲಿಲ್ಲ. ಚಾಡಿಕೋರನಿಗೆ ಸುಳ್ಳೇ ಮದ್ದು.

ನಾಗಪಂಚಮಿ ಬಂತು. ಅಂದು ಆ ಕಡೆ ಯಾರೂ ಒಲೆಯ ಮೇಲೆ ಹಂಚು ಇಡುವುದಿಲ್ಲ, ರೊಟ್ಟಿಯೆಲ್ಲ ಮೊದಲೇ ಬಡಿದಿಟ್ಟಿರುತ್ತಾರೆ. ಇವತ್ತು ಡಬ್ಬಿಗೆ ಏನು ಹೇಳಲಿ ಎಂದು ಯೋಚಿಸುತ್ತಲೇ ಕೊಡ ಎತ್ತಿದ ಮಲಕವ್ವ ಜಾರಿ ಬಿದ್ದಳು. ಪಾದ ತಿರುಚಿತು, ಏಳಲಾಗಲಿಲ್ಲ. ಫೋನು ಮೇಲೆ ಗೂಡಿನಲ್ಲಿತ್ತು. ಕೂಗಿದರೆ ದನಿ ಹೊಸ್ತಿಲು ದಾಟಲಿಲ್ಲ. ಗೋಡೆಗೆ ಒರಗಿಸಿದ್ದ ಮಣೆ ಮಾತ್ರ ಕೈಗೆ ಸಿಕ್ಕಿತು. ಎರಡೂ ಕೈಯಿಂದ ಬಡಿದಳು. ಸುಮ್ಮನೆ ಬಿದ್ದುಕೊಂಡಿದ್ದರೆ ಎಂಟಕ್ಕೆ ಡಬ್ಬಿಯಾದರೂ ಸೊಸೆಯ ಫೋನಿನಲ್ಲಿ ಗಂಟೆ ಹೊಡೆಯುತ್ತಿತ್ತು. ಬಡಿದದ್ದರಿಂದ ಅದಕ್ಕೂ ಸಮಾಧಾನವಾಯಿತು.

ಸಮಾಧಾನವಾಗದವಳು ಬೋರವ್ವ. "ಪಂಚಮಿ ದಿನ ರೊಟ್ಟಿ ಬಡೀತಿ? ಬುದ್ಧಿ ಐತೋ ಇಲ್ಲೋ ಬೇ ನಿನಗ?" ಎಂದು ಬೈಯುತ್ತಲೇ ಒಳಗೆ ಬಂದವಳು, ನೆಲದ ಮೇಲೆ ಬಿದ್ದವಳನ್ನು ಕಂಡು ಗೂಡಿನ ಫೋನೆತ್ತಿ ಶಿವಲಿಂಗನಿಗೆ ಮಾಡಿದಳು.

ಹತ್ತಕ್ಕೆ ಮಗ, ಸೊಸೆ ಇಬ್ಬರೂ ಬಂದರು. ಎಲುಬು ಮುರಿದಿರಲಿಲ್ಲ. ಆದರೂ ಶಿವಲಿಂಗ, "ಇನ್ನ ಸಾಕವ್ವ, ನಡಿ ಮನಿಗೆ," ಎಂದ.

ಮಲಕವ್ವ ಸೊಸೆಯತ್ತ ತಿರುಗಿದಳು. "ನಿನಗ ಬೇಕಾಗಿದ್ದು ಇದ ಅಲ್ಲೇನು? ಗಂಟು ಕಟ್ಟು."

ಸುಧಾರಾಣಿ ತನ್ನ ಫೋನನ್ನು ಅತ್ತೆಯ ಮುಂದೆ ಹಿಡಿದಳು. "ಇವತ್ತ ಪಂಚಮಿ ಅಂತ ಬಬಲೇಶ್ವರದಾಗ ಯಾರೂ ಬಡೀಲಿಲ್ಲ, ನಾಕೂ ಗಂಟಿ ಹೊಡದ್ವು, ಅವರಿಗೆಲ್ಲಾ ಫೋನ್ ಹಚ್ಚಿದೆ. ನಿಮ್ಮದೊಂದ ಆರಾಮ ಅಂತಿತ್ತು. ಹೋದ ವಾರನೂ ಒಂದಿನ ಬಡಿತ ಭಾಳ ಕಮ್ಮಿ ಇತ್ತು. ಬರಿಗೈಲೆ ಬಡದಿದ್ರೇನ್ರಿ?"

"ಹೌದು. ನೀ ಚಾಡಿ ಹೇಳತಿ ಅಂತ."

"ಇವರು ಹೋದ ವರ್ಷನ ನಿಮ್ಮ ಸಾಮಾನು ತುಂಬಾಕ ಗಾಡಿ ಹೇಳಿದ್ರು. ಅದನ್ನ ಬಿಡಿಸಿ, ಅವ್ವ ಅಲ್ಲೇ ಇರ್ಲಿ, ದಿನಾ ಆರಾಮ ಅದಾರೋ ಇಲ್ಲೋ ನಾ ನೋಡ್ತೇನಿ ಅಂತ ಮಾತು ಕೊಟ್ಟೀನ್ರಿ. ಅದಕ್ಕ ಈ ಡಬ್ಬಿ."

ಶಿವಲಿಂಗ ಹೌದೆಂದು ತಲೆಯಾಡಿಸಿದ. ಮಲಕವ್ವನಿಗೆ ಕಾಲಿನ ನೋವಿಗಿಂತ ನಾಚಿಕೆ ಹೆಚ್ಚಾಯಿತು. "ಹಂಗಾರ ಗಂಟಿ ಬೋರವ್ವನ ಮನ್ಯಾಗ ಹಾಕು. ಆಕಿಗೆ ಪಂಚಮಿ ಯಾವತ್ತಂತ ಗೊತ್ತೈತಿ. ಇನ್ನ ನಾನೂ ಸುಳ್ಳು ಬಡಿಯೂದಿಲ್ಲ," ಎಂದಳು.

ಶಿವಲಿಂಗನೂ ಒಪ್ಪಿದ. ಮುಂದಿನ ವಾರ ಸುಧಾರಾಣಿ ಗಂಟೆ ತಂದಳು. ಬೋರವ್ವ ಅದನ್ನು ಸೆರಗಿನ ತುದಿಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

"ಇದು ನಮ್ಮ ಮನಿ ಮಾತು ಕೇಳತೈತೇನು ಬೇ?"

"ಇಲ್ಲ," ಎಂದಳು ಮಲಕವ್ವ, ಸೊಸೆಯ ಕಡೆ ನೋಡದೆ. "ನಮ್ಮ ಸುಧಾ ಅಂಥಾಕಿ ಅಲ್ಲ."