ಹೆಣ್ಣು ಹಡೆದವಳ ಅಂಟಿನುಂಡಿ

ತಿನ್ನುವ ಅಂಟನ್ನು ತುಪ್ಪದಲ್ಲಿ ಕರಿಯುವಾಗ ಕಣ್ಣು ಬಾಣಲೆಯ ಮೇಲೇ ಇರಬೇಕು. ಹೊರಗೆ ಅರಳಿ ಒಳಗೆ ಹಸಿಯಾಗಿ ಉಳಿದರೆ ತಿಂದವರ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಆಮೇಲೆ ಉತ್ತತ್ತಿ, ಒಣ ಕೊಬ್ಬರಿ, ಬಾದಾಮಿ, ಗಸಗಸೆ, ಬೆಲ್ಲ, ಕೊನೆಗೆ ಚೂರು ಜಾಜಿಕಾಯಿ. ರಾಣೇಬೆನ್ನೂರಿನ ಒಂದು ಕೋಣೆಯ ಮನೆಯಲ್ಲಿ ಹನ್ನೊಂದು ವರ್ಷದಿಂದ ನಾನು ಈ ಉಂಡಿ ಕಟ್ಟಿ ಮಾರುತ್ತಿದ್ದೇನೆ. ಹೆಚ್ಚಿನವು ಬಾಣಂತಿಯರಿಗೇ ಹೋಗುತ್ತವೆ.

ನನ್ನ ತಂಗಿ ಭುವನಾಳನ್ನು ಕುಪ್ಪೇಲೂರಿಗೆ ಕೊಟ್ಟಿದ್ದೆವು. ಗಂಡ ಸುನೀಲಕುಮಾರ ಕಿರಾಣಿ ಅಂಗಡಿ ನಡೆಸುತ್ತಾನೆ, ಹೊಲವೂ ಇದೆ. ಉಣ್ಣಲು ಉಡಲು ಕೊರತೆಯಿಲ್ಲದ ಮನೆ. ಮೊದಲನೆಯ ಮಗಳು ಶ್ರೀದೇವಿಗೆ ನಾಲ್ಕು ವರ್ಷ. ನಮ್ಮವ್ವ ತೀರಿಕೊಂಡಿದ್ದರಿಂದ ಎರಡನೆಯ ಬಾಣಂತನ ಗಂಡನ ಮನೆಯಲ್ಲೇ ಆಯಿತು. ಹೆಣ್ಣು ಹುಟ್ಟಿತೆಂದು ಸುದ್ದಿ ಬಂದ ನಾಲ್ಕನೆಯ ದಿನ ನಲವತ್ತು ಉಂಡಿಗಳ ಡಬ್ಬಿ ಹಿಡಿದು ಬಸ್ಸು ಹತ್ತಿದೆ.

ರವಿಕೆಯೊಳಗೆ ಒಂದು ಚೀಟಿ ಇತ್ತು. ಮೂವತ್ತು ದಾಟಿದ ಮೇಲೆ ಸಂಜೆ ಶಾಲೆಗೆ ಹೋಗಿ ಹತ್ತನೆಯ ತರಗತಿ ಮುಗಿಸಿದವಳು ನಾನು. ಬಾಣಂತಿಯನ್ನು ನೋಡಿಕೊಳ್ಳುವ ರೀತಿಯನ್ನು ನರ್ಸಮ್ಮನಿಂದ ಕೇಳಿ, ಮೂರು ಸಲ ತಿದ್ದಿ ಬರೆದಿದ್ದೆ. ಅತ್ತೆಯ ಮುಂದೆ ಓದಿ ಹೇಳಬೇಕೆಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡಿದ್ದೆ.

ಭುವನಾಳ ಅತ್ತೆ ಗದಿಗೆವ್ವ ಪಡಸಾಲೆಯಲ್ಲಿ ಓಣಿಯ ಹೆಂಗಸರ ನಡುವೆ ಕುಳಿತಿದ್ದಳು.

“ಬಾರವ್ವಾ ಪ್ರೇಮವ್ವ. ಎರಡನೇದೂ ಹೆಣ್ಣ ಹಡದಾಳ ನೋಡು ನಿನ್ನ ತಂಗಿ.”

“ಕೂಸು ಆರಾಮ ಐತಲ್ರಿ ಅತ್ತಿ, ಅಷ್ಟ ಸಾಕು.”

“ನಿನಗ ಸಾಕವ್ವಾ. ನಮ್ಮ ಮನಿಗೆ ಸಾಕಾಗೂದಿಲ್ಲ.”

ಒಳಗಿನ ಕತ್ತಲೆ ಕೋಣೆಯಲ್ಲಿ ಭುವನಾ ಮಲಗಿದ್ದಳು. ತುಟಿ ಒಡೆದು ರಕ್ತ ಒಣಗಿತ್ತು. ತಾಟಿನಲ್ಲಿ ಅರ್ಧ ಒಣ ರೊಟ್ಟಿ, ಮೆಣಸಿನ ಪುಡಿ. ನಾನು ಹೊರಗೆ ಬಂದು ಕೇಳಿದೆ: “ಅತ್ತಿ, ಆಕಿಗೆ ನೀರು ಕೊಡಾಕತ್ತೀರಿಲ್ಲೋ?”

“ಬಾಣಂತಿಗೆ ನೀರs? ಹೊಟ್ಟಿ ಬರ್ತೈತಿ, ಕೂಸಿಗೆ ನೆಗಡಿ ಆಗ್ತೈತಿ. ಹೊತ್ತಿಗೊಂದ ಗುಟುಕು ಕೊಡ್ತೇವಿ, ಸಾಕು.”

“ಹಾಲು ಕುಡಿಸಾಕಿಗೆ ಉಳಿದವರಕಿಂತ ಹೆಚ್ಚು ನೀರು ಬೇಕಂತ ನರ್ಸಮ್ಮ ಹೇಳ್ತಾರ್ರಿ. ಜೀರಿಗಿ ಹಾಕಿ ಕುದಿಸಿ...”

“ನರ್ಸಮ್ಮ ಎಷ್ಟು ಹಡದಾಳಂತ? ನಾ ನಾಕು ಹಡದೇನಿ. ಮೂರು ಹೆಣ್ಣಿಗೆ ನನಗೂ ಇದs ಒಣ ರೊಟ್ಟಿ. ನಾಕನೇದಕ್ಕ ಸುನೀಲ ಹುಟ್ಟಿದ, ಆವಾಗ ನಮ್ಮತ್ತಿ ಅಂಟಿನುಂಡಿ ಬಾಯಿಗೆ ಹಾಕಿದ್ಲು. ಸತ್ತೇನೇನು ನಾ? ಹೆಣ್ಣು ಹಡದಾಕಿ ಬಾಯಿ ಸಿಹಿ ಮಾಡಿದ್ರ ಬಸಿರಿಗೆ ಅದs ರೂಢಿ ಆಗ್ತೈತಿ, ತಿಳೀತೇನು?” ಹೆಂಗಸರ ಕಡೆ ತಿರುಗಿದಳು. “ಸಂಜಿ ಸಾಲಿ ಪಂಡಿತಿ ನಮಗ ಬಾಣಂತನ ಕಲಸಾಕ ಬಂದಾಳ ನೋಡ್ರವ್ವಾ!”

ಎಲ್ಲರೂ ನಕ್ಕರು.

ನಾನು ಬರೆದದ್ದೇ ತಪ್ಪಿದ್ದರೆ? ಅವಳು ಹೇಳುವುದೇ ಖರೆಯಿದ್ದರೆ? ಚೀಟಿಯನ್ನು ಓದಲಿಲ್ಲ. ಡಬ್ಬಿಯ ಮುಚ್ಚಳದ ಕೆಳಗಿಟ್ಟು, ಮೇಲೆ ಬಟ್ಟೆ ಹೊದಿಸಿ, ಕೆಂಪು ದಾರದಿಂದ ಮೂರು ಗಂಟು ಹಾಕಿ ಗದಿಗೆವ್ವನ ಕೈಗೆ ಕೊಟ್ಟೆ.

“ದಿನಕ್ಕ ಎರಡು ಕೊಡ್ರಿ ಅತ್ತಿ.”

“ಕೊಡ್ತೇನಿ ತಗೋ. ನಿನ್ನ ಉಂಡಿ ನಾ ಏನು ಮಾಡ್ಲಿ?”

ಹೊರಡುವಾಗ ಭುವನಾ ನನ್ನ ಸೆರಗು ಹಿಡಿದಳು. “ಅಕ್ಕಾ, ನನ್ನ ಕರಕೊಂಡ ಹೋಗs.” “ಹೆಸರಿಡೂ ದಿನ ಬರ್ತೇನಿ, ಆವತ್ತ ಕರಕೊಂಡ ಹೋಗ್ತೇನಿ” ಎಂದೆ. ಹಸಿ ಬಾಣಂತಿಯನ್ನು ಕರೆದೊಯ್ದರೆ ಮಂದಿ ಏನೆಂದಾರು ಎಂದು ಹೆದರಿದ್ದೆ. ಬಸ್ಸಿನಲ್ಲಿ ಉಂಡಿಗಳನ್ನು ನೆನೆದು ಸಮಾಧಾನ ಮಾಡಿಕೊಂಡೆ. ದಿನಕ್ಕೆರಡು ತಿಂದರೆ ಚೇತರಿಸಿಕೊಂಡಾಳು.

ಹೆಸರಿಡುವ ದಿನ ಬರಲೇ ಇಲ್ಲ. ಭುವನಾಳಿಗೆ ಜ್ವರ ಬಂತು. ಮೂರು ದಿನ ಗಾಳಿ ಸೋಕಿದೆಯೆಂದು ಲಿಂಬೆಹಣ್ಣು ನಿವಾಳಿಸಿ, ನಾಲ್ಕನೆಯ ದಿನ ಹಾವೇರಿಯ ಆಸ್ಪತ್ರೆಗೆ ಒಯ್ದರು. ನಾನು ತಲುಪುವಷ್ಟರಲ್ಲಿ ಅವಳಿಗೆ ಗುರುತು ಸಿಗುತ್ತಿರಲಿಲ್ಲ. ಡಾಕ್ಟರು ಸಿಟ್ಟಿನಿಂದ ಕೇಳಿದರು: “ಮೈಯಾಗ ರಕ್ತ ಇಲ್ಲ, ನೀರಿಲ್ಲ, ನಂಜು ಏರೈತಿ. ಏನು ತಿನ್ನಾಕ ಕೊಡ್ತಿದ್ರಿ ಈಕಿಗೆ?” ಸುನೀಲಕುಮಾರ ತಾಯಿಯ ಮುಖ ನೋಡಿದ. “ಎಲ್ಲಾ ಕೊಟ್ಟೇವ್ರಿ. ಆಕಿ ಅಕ್ಕ ತಂದ ಉಂಡೀನೂ ಕೊಟ್ಟೇವಿ” ಎಂದಳು ಗದಿಗೆವ್ವ. ಮರುದಿನ ಬೆಳಗ್ಗೆ ಭುವನಾ ಹೋದಳು.

ಮಣ್ಣು ಮುಗಿದ ಮೇಲೆ ಊರಲ್ಲಿ ಮಾತು ಹಬ್ಬಿತು: ಅಕ್ಕ ತಂದ ಉಂಡಿ ತಿಂದೇ ಹೀಗಾಯಿತಂತೆ. ಹಬ್ಬಿಸಿದವಳು ಯಾರೆಂದು ನನಗೆ ಗೊತ್ತಿತ್ತು. ಆದರೂ ಹತ್ತು ದಿನ ನಾನು ನಿದ್ದೆ ಮಾಡಲಿಲ್ಲ. ಅಂಟು ಹಸಿಯಾಗಿತ್ತೇ? ಕೊಬ್ಬರಿ ಮುಗ್ಗಲಾಗಿತ್ತೇ? ಉಳಿದ ಸಾಮಾನನ್ನೆಲ್ಲ ಮೂಸಿ, ನಾಲಿಗೆಗೆ ಹಚ್ಚಿ ನೋಡಿದೆ. ನನ್ನ ಕೈಯೇ ತಂಗಿಯನ್ನು ಕೊಂದಿತೇ ಎಂದು ಕೈಗಳನ್ನು ನೋಡುತ್ತ ಕುಳಿತಿರುತ್ತಿದ್ದೆ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋದಾಗ ಪಕ್ಕದ ಮನೆಯ ಮೈಮುನಾಬಿ ಹಿತ್ತಲಿಗೆ ಕರೆದಳು. “ಬೇಟಿ, ನಿನಗ ಹೇಳ್ಲಿಲ್ಲಂದ್ರ ಅಲ್ಲಾ ನನ್ನ ಬಿಡೂದಿಲ್ಲ. ಎರಡು ಸಲ ನಿನ್ನ ತಂಗಿ ಕಿಟಕಿಗೆ ಬಂದು ನೀರು ಬೇಡಿದ್ಲು, ಕೊಟ್ಟೆ. ಗದಿಗೆವ್ವ ನೋಡಿದ್ಲು. ಮರುದಿನ ಕಿಟಕಿಗೆ ಮೊಳಿ ಬಡದ್ರು.”

ನಾನು ಅಡಿಗೆಮನೆಗೆ ಹೋದೆ. ಹೋಳಿಗೆಗೆ ಬೆಲ್ಲ ಸಾಲದಾಯಿತು. “ಉಗ್ರಾಣದಾಗಿನ ಟ್ರಂಕಿನ್ಯಾಗ ಐತಿ, ಲಗೂ ತಗೊಂಡ ಬಾ” ಎಂದು ಗದಿಗೆವ್ವ ಸೊಂಟದ ಕೀಲಿ ಕೊಟ್ಟಳು. ಬೀಗರ ಉಪಚಾರದ ಗಡಿಬಿಡಿಯಲ್ಲಿ ಅದರೊಳಗೆ ಇನ್ನೇನಿದೆಯೆಂಬುದನ್ನು ಮರೆತಿದ್ದಳು.

ಟ್ರಂಕು ತೆರೆದೆ. ಬೆಲ್ಲದ ಪೆಂಟೆಯ ಪಕ್ಕದಲ್ಲಿ ನನ್ನ ಡಬ್ಬಿ ಇತ್ತು. ಕೆಂಪು ದಾರ ಇತ್ತು. ನಾನು ಹಾಕಿದ ಮೂರು ಗಂಟು ಹಾಗೆಯೇ ಇದ್ದವು.

ಬಿಚ್ಚಿದೆ. ತುಪ್ಪ, ಜಾಜಿಕಾಯಿಯ ವಾಸನೆ ಎದ್ದುಬಂತು. ನಲವತ್ತೂ ಇದ್ದವು. ಮೇಲೆ ಚೀಟಿ ಇತ್ತು. ನನಗೆ ಅಳು ಬರಲಿಲ್ಲ. ಏನು ಮಾಡಬೇಕೆಂದು ಸ್ಪಷ್ಟವಾಗಿ ಹೊಳೆಯಿತು.

ಹಿರಿಯರ ಪಂಕ್ತಿ ಕುಳಿತಿತ್ತು. ನಡುವೆ ಬ್ಯಾಡಗಿಯ ಅಂದಾನೆಪ್ಪ ಇದ್ದ. ಅವನ ಮಗಳನ್ನು ಸುನೀಲಕುಮಾರನಿಗೆ ತರುವ ಮಾತು ಆಗಲೇ ಶುರುವಾಗಿತ್ತು. ಕೊನೆಯಲ್ಲಿ ಗದಿಗೆವ್ವ. ನಾನು ಒಂದೊಂದು ಎಲೆಗೆ ಒಂದೊಂದು ಉಂಡಿ ಬಡಿಸುತ್ತ ಬಂದೆ. ಅವಳ ಎಲೆಗೆ ಬಂದಾಗ ಅವಳ ಮುಖ ಕಪ್ಪಿಟ್ಟಿತು.

“ಭಾಳ ಛಲೋ ಆಗ್ಯಾವಲ್ಲ! ಯಾರು ಕಟ್ಟ್ಯಾರಿವು?” ಎಂದ ಅಂದಾನೆಪ್ಪ.

“ನಾನs ಕಟ್ಟೇನ್ರಿ. ಅತ್ತಿ, ಎಲ್ಲಾರೂ ತಿನ್ನಾಕತ್ತಾರ, ನೀವೂ ತಿನ್ರಿ. ಭುವನಾನ ಹೆಸರಿಂದು.”

ಎಲ್ಲರ ಕಣ್ಣು ಅವಳ ಮೇಲಿತ್ತು. ಅವಳು ಮುರಿದು ಬಾಯಿಗೆ ಹಾಕಿಕೊಂಡಳು. ಆಗ ಚೀಟಿ ತೆಗೆದು ಓದಿದೆ.

“ಬಾಣಂತಿಗೆ ಬೆಳಗ್ಗೆ ಒಂದು, ಸಂಜೆ ಒಂದು ಉಂಡಿ. ಜೀರಿಗೆ ಹಾಕಿ ಕುದಿಸಿ ಆರಿಸಿದ ನೀರು, ಬೇಡಿದಾಗಲೆಲ್ಲ. ಸಬ್ಬಸಿಗೆ, ಮೆಂತೆ ಪಲ್ಲೆ, ಬೇಳೆ, ಹಾಲು. ಜ್ವರ ಬಂದರೆ ಮನೆಮದ್ದು ನಂಬಬೇಡಿರಿ, ಅವತ್ತೇ ಆಸ್ಪತ್ರೆಗೆ ಒಯ್ಯಿರಿ.” ಚೀಟಿ ಮಡಚಿದೆ. “ಈ ಚೀಟಿ ಈ ಡಬ್ಬಿಯೊಳಗ ಇತ್ತು. ಡಬ್ಬಿ ಅತ್ತೀ ಟ್ರಂಕಿನ್ಯಾಗ ಇತ್ತು. ಗಂಟು ನಾ ಈಗ ಬಿಚ್ಚಿದೆ. ನನ್ನ ತಂಗಿ ಈ ಉಂಡಿ ತಿಂದು ಸತ್ತಿಲ್ಲ. ಒಂದೂ ತಿನ್ನದs ಸತ್ತಾಳ. ಯಾಕಂದ್ರ ಹೆಣ್ಣು ಹಡದಿದ್ಲು.”

ಯಾರೂ ಅಗಿಯಲಿಲ್ಲ. “ಯವ್ವಾ, ಖರೇ ಏನು ಇದು?” ಎಂದ ಸುನೀಲಕುಮಾರ. ಗದಿಗೆವ್ವ ಉತ್ತರ ಕೊಡಲು ಹೋದಳು. ಉಂಡಿಯ ಪುಡಿ ಗಂಟಲಿಗೆ ಸಿಕ್ಕು ಕೆಮ್ಮು ಹತ್ತಿತು. ಕಣ್ಣಲ್ಲಿ ನೀರು ಬಂತು. ಕೈ ಚಾಚಿದಳು.

“ನೀರು... ನೀರು ತಾ...”

ಪಂಕ್ತಿಗೆಂದು ಇಟ್ಟಿದ್ದ ನೀರಿನ ತಂಬಿಗೆ ಎತ್ತಿಕೊಂಡೆ. ಅವಳ ಬೊಗಸೆಗೆ ಬಗ್ಗಿಸಿದೆ, ಒಂದೇ ಗುಟುಕು.

“ತಗೋರಿ ಅತ್ತಿ. ಹೊತ್ತಿಗೊಂದ ಗುಟುಕು.”

ಆಮೇಲೆ ತಂಬಿಗೆಯನ್ನು ಅವಳ ಕೈಗೆ ಎಟುಕುವಲ್ಲೇ ಇಟ್ಟೆ. ಅವಳು ಅದನ್ನು ಮುಟ್ಟಲಿಲ್ಲ.

ಅಂದಾನೆಪ್ಪ ಎಲೆಯ ಮುಂದಿನಿಂದ ಎದ್ದ. “ನನ್ನ ಮಗಳೂ ಹೆಣ್ಣು ಹಡದಾಳು. ಈ ಮನಿಗೆ ಕೊಡೂದಿಲ್ಲ” ಎಂದು ಕೈ ತೊಳೆಯದೆ ಹೊರಗೆ ನಡೆದ. ನಾನು ಕೂಸನ್ನು ಎತ್ತಿಕೊಂಡು, ಶ್ರೀದೇವಿಯ ಕೈಗೆ ಒಂದು ಉಂಡಿ ಕೊಟ್ಟು, ಅವಳನ್ನೂ ಕರೆದುಕೊಂಡು ಬಸ್ಸಿಗೆ ಹೊರಟೆ. ಸುನೀಲಕುಮಾರ ತಡೆಯಲಿಲ್ಲ.

ಗದಿಗೆವ್ವನನ್ನು ಕ್ಷಮಿಸಿಬಿಡು ಎಂದು ಹಲವರು ಹೇಳಿದರು. ನಾನು ಕ್ಷಮಿಸಿಲ್ಲ, ನನ್ನನ್ನೂ ಕ್ಷಮಿಸಿಕೊಂಡಿಲ್ಲ. ಈಗ ಯಾರ ಮನೆಗೆ ಉಂಡಿ ಒಯ್ದರೂ ಡಬ್ಬಿಯನ್ನು ಹಿರಿಯರ ಕೈಗೆ ಕೊಡುವುದಿಲ್ಲ. ಬಾಣಂತಿಯ ಮುಂದೆ ನಾನೇ ಗಂಟು ಬಿಚ್ಚುತ್ತೇನೆ. ಮೊದಲನೆಯ ಉಂಡಿ ಅವಳು ತಿಂದು, ತುಂಬಿದ ತಂಬಿಗೆ ನೀರು ಕುಡಿಯುವವರೆಗೆ ಏಳುವುದಿಲ್ಲ. ಆಮೇಲೆ ಪಡಸಾಲೆಗೆ ಬಂದು ಚೀಟಿ ಓದುತ್ತೇನೆ. ಕೆಲವು ಮನೆಗಳಲ್ಲಿ ಈಗಲೂ ನಗುತ್ತಾರೆ. ನಗಲಿ. ನಾನು ಕೊನೆಯ ಸಾಲಿನವರೆಗೂ ಓದುತ್ತೇನೆ.