ಬೇವಿಗೆ ಸಿಕ್ಕಿಬಿದ್ದ ಗಿಡ

ನಿಶಾತ ಸ್ಕೂಟರ್ ನಿಲ್ಲಿಸುವುದರೊಳಗೇ ಗುತ್ತಿಗೆದಾರ ಫಕೀರಪ್ಪ ಕೈಗಡಿಯಾರ ತೋರಿಸಿದ.

"ಹನ್ನೆರಡರೊಳಗ ಬೀಳಬೇಕ ನೋಡವಾ. ಎರಡಕ್ಕ ಶಿಫ್ಟಿನ ಬಸ್ಸು ಇದ ದಾರಿಲೆ ಬರ್ತಾವು."

ಅವಳು ತಲೆಯೆತ್ತಿ ಗಿಡ ನೋಡುತ್ತ ನಿಂತಳು.

ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಹಿಂಬದಿ ಅದು. ಹೊಸ ಕಾಂಪೌಂಡು ಬರುವ ಜಾಗದಲ್ಲಿ ಹತ್ತು ಅಕೇಶಿಯಾ ಗಿಡಗಳಿದ್ದವು. ಕಡಿಯಲು ಪರವಾನಿಗೆಯೂ ಸಿಕ್ಕಿತ್ತು. ಹಿಂದಿನ ದಿನ ಫಕೀರಪ್ಪನ ಆಳು ಅರಫಾತ ಮೊದಲನೆಯದಕ್ಕೆ ಕೈ ಹಚ್ಚಿದ್ದ. ಅದು ಅಂದುಕೊಂಡ ಕಡೆ ಬೀಳದೆ ಪಕ್ಕಕ್ಕೆ ವಾಲಿ, ಹಳೆಯ ಬೇವಿನ ಕವಲಿಗೆ ಸಿಕ್ಕಿಬಿದ್ದು ಅಲ್ಲೇ ನಿಂತಿತ್ತು. ಕೊಯ್ಯದೆ ಉಳಿದ ನಾಲ್ಕು ಬೆರಳಗಲದಲ್ಲಿ ಬುಡ ಇನ್ನೂ ನೆಲದ ಮೋಟಿಗೆ ಅಂಟಿಕೊಂಡಿತ್ತು. ಗಾಳಿ ಬೀಸಿದಾಗೊಮ್ಮೆ ಮೇಲಿನಿಂದ ಯಾರೋ ಹಲ್ಲು ಕಡಿದಂಥ ಸಪ್ಪಳ ಕೇಳುತ್ತಿತ್ತು.

ಆಗ ಅರಫಾತ ಮೋಟಾರು ಗರಗಸವನ್ನು ಅಲ್ಲೇ ಎಸೆದು ಓಡಿದ್ದ. ಬಿದ್ದ ಗರಗಸ ಕೆಟ್ಟಿತು. ಹಾಗಾಗಿ ಇವತ್ತು ನಿಶಾತಳಿಗೆ ಫೋನು ಬಂದಿತ್ತು.

ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ಅವಳ ಗಂಡ ಮುಜಮ್ಮಿಲನ ಚೈನ್‌ಸಾ ರಿಪೇರಿ ಅಂಗಡಿ ಇತ್ತು. ಮೊದಲು ಗಿಡ ಕಡಿಯಲು ಹೋಗುತ್ತಿದ್ದವನು ಅವನೇ. ಆರು ವರ್ಷದ ಹಿಂದೆ, ಓಡುವ ಗರಗಸದ ತುದಿ ಎಲೆಯ ಮರೆಯಲ್ಲಿದ್ದ ಒಂದು ಟೊಂಗೆಗೆ ತಾಗಿ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹಿಂದಕ್ಕೆ ಚಿಮ್ಮಿತು. ಕೆನ್ನೆಯಿಂದ ಭುಜದವರೆಗೆ ಸೀಳಿತು. ಜೀವ ಉಳಿಯಿತು, ಎಡಗೈ ಮಾತ್ರ ಮೇಲಕ್ಕೇಳದಾಯಿತು. ಅಂದಿನಿಂದ ಅವನು ಅಂಗಡಿಯಲ್ಲಿ ಕೂತು ಚೈನಿನ ಹಲ್ಲು ಮಸೆಯುತ್ತಾನೆ, ಗಿಡಕ್ಕೆ ಅವಳು ಹೋಗುತ್ತಾಳೆ. ಓಣಿಯವರು ನಕ್ಕರು. ಅತ್ತೆ ಗುಲ್ಜಾರಬಿ ಒಂದು ತಿಂಗಳು ಮಾತು ಬಿಟ್ಟಳು. ಆಮೇಲೆ ಅದೇ ಅತ್ತೆ ಮಗನ ಅಂಗಿಯ ತೋಳು ಗಿಡ್ಡ ಮಾಡಿ, ಎಲ್ಲೂ ಜೋತಾಡದ ಹಾಗೆ ಹೊಲಿದು ಸೊಸೆಯ ಕೈಗಿಟ್ಟಳು.

ನಿಶಾತ ದುಪಟ್ಟಾ ಮಡಚಿ ಸ್ಕೂಟರಿನ ಡಿಕ್ಕಿಯಲ್ಲಿಟ್ಟಳು. ಕಿವಿಮುಚ್ಚಿಗೆ, ಮುಖದ ಮುಂದೆ ಜಾಳಿಗೆ ಇದ್ದ ಗಟ್ಟಿ ಟೋಪಿ ತೆಗೆದು ಹಾಕಿಕೊಂಡಳು. ಸಲವಾರಿನ ಮೇಲೆ ದಪ್ಪನೆಯ ಪ್ಯಾಂಟು ಏರಿಸಿದಳು. ಅಕಸ್ಮಾತ್ ಚೈನು ತಾಗಿದರೆ ಅದರೊಳಗಿನ ನಾರು ಸುತ್ತಿಕೊಂಡು ಗರಗಸವನ್ನೇ ನಿಲ್ಲಿಸುತ್ತದೆ. ಆಮೇಲೆ ಚೀಲದಲ್ಲಿದ್ದ ಸುಣ್ಣದ ಪುಡಿ ಚೆಲ್ಲುತ್ತ ಆ ಎರಡೂ ಗಿಡಗಳ ಸುತ್ತ ದೂರದಿಂದ ಒಂದು ಗೆರೆ ಎಳೆದಳು.

"ರಂಗೋಲಿ ಹಾಕಾಕ ಕರದಿಲ್ಲವಾ ನಿನ್ನ," ಅಂದ ಫಕೀರಪ್ಪ.

"ಇದರೊಳಗ ಯಾರೂ ಬರಬಾರದ್ರಿ. ಗಿಡದ ಎತ್ತರದ ಎರಡರಷ್ಟ ದೂರ ಐತಿ."

"ಅದೆಲ್ಲಾ ಯಾಕ? ಕೆಳಗಿನ ಬೇವು ಕಡದ ಬಿಡು. ಎರಡೂ ಒಮ್ಮೆಲೆ ಬೀಳ್ತಾವು. ಹತ್ತ ನಿಮಿಷದ ಕೆಲಸ."

"ಬೇವು ಕಡಿಯಾಕ ಹೋದಾಂವನ ತಲಿ ಮ್ಯಾಲೆ ಅಕೇಶಿಯಾ ಬೀಳ್ತದರಿ. ಅದು ಯಾವ ಕ್ಷಣ ಜಾರ್ತದ ಅಂತ ನಿಮಗ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಾ ಕಡಿಯೂದಿಲ್ಲ."

"ಹೆಂಗಸರಿಗೆ ಕೆಲಸ ಕೊಟ್ರ ಹಿಂಗ ನೋಡು." ಫಕೀರಪ್ಪ ಆಳುಗಳ ಕಡೆ ತಿರುಗಿ ನಕ್ಕ. ಯಾರೂ ನಗಲಿಲ್ಲ. "ಮಶೀನ್ ಅರಫಾತನ ಕೈಯಾಗ ಕೊಡು. ಅಂವಾ ಕಡೀತಾನ."

ನಿಶಾತ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಳು. ಗರಗಸದ ಮುಚ್ಚಳ ಬಿಚ್ಚಿ, ಪಾನಾ ಹಚ್ಚಿ, ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗು ತಿರುವಿ ತೆಗೆದಳು. ಊದಿ, ಒರೆಸಿ, ಅಂಗಿಯ ಕಿಸೆಗೆ ಹಾಕಿ ಗುಂಡಿ ಹಚ್ಚಿದಳು.

"ತಗೊಳ್ರಿ," ಎಂದು ಗರಗಸವನ್ನು ಮುಂದೆ ಸರಿಸಿದಳು. "ಈಗ ಯಾರ ಬೇಕಾದರೂ ಹಿಡೀಬಹುದು. ಯಾರಿಗೂ ಏನೂ ಆಗೂದಿಲ್ಲ."

ಫಕೀರಪ್ಪನ ಮುಖ ಕೆಂಪಾಯಿತು. ಇನ್ನು ಮೇಲೆ ಧಾರವಾಡದಲ್ಲಿ ಒಂದು ಟೊಂಗೆಯ ಕೆಲಸವೂ ಸಿಗದ ಹಾಗೆ ಮಾಡುತ್ತೇನೆ ಅಂದ. ಅವಳು ತಲೆಯಾಡಿಸಿದಳು, ಯಾರೋ ಹವೆ ಹೇಗಿದೆ ಅಂತ ಹೇಳಿದ ಹಾಗೆ. ಅವನಿಗೆ ಇನ್ನಷ್ಟು ಸಿಟ್ಟು ಬಂತು.

"ಅರಫಾತಾ, ಕೊಡ್ಲಿ ತಗೊಂಡ ನಡಿ."

ನಲವತ್ತು ದಾಟಿದ ಅರಫಾತ ಕೊಡಲಿ ಎತ್ತಿಕೊಂಡ. ಹಿಂದಿನ ದಿನ ಓಡಿದ್ದಕ್ಕೆ ಬೆಳಗಿನಿಂದ ಎಲ್ಲರ ಮಾತು ಕೇಳಿ ಅವನ ಕತ್ತು ಬಗ್ಗಿಹೋಗಿತ್ತು. ಇವತ್ತು ಹೋಗಲೇಬೇಕು ಅಂತ ನಿರ್ಧರಿಸಿದವನ ನಡಿಗೆ ಅದು. ನಿಶಾತ ಸುಣ್ಣದ ಗೆರೆಯ ಮೇಲೆ ಅವನಿಗೆ ಅಡ್ಡ ನಿಂತಳು. ಅವನು ಒಂದು ಕೈಯಿಂದ ತಳ್ಳಿದರೆ ಸಾಕಿತ್ತು.

"ಭಾಯ್, ನಿನ್ನೆ ಯಾಕ ಓಡಿದಿ?"

ಅವನು ಕೊಡಲಿಯ ಕಾವನ್ನು ಕೈಯಲ್ಲಿ ತಿರುವಿದ.

"ಓಡಿದ್ದಕ್ಕ ಇವತ್ತ ಇಲ್ಲಿ ನಿಂತಿದಿ. ನಿನ್ನೆಯಿಂದ ಈ ಗಿಡದ ಬುಡಕ ಖರೇ ಬುದ್ಧಿ ತೋರಿಸಿದಾಂವ ನೀ ಒಬ್ಬನ. ನಾಚ್ಕಿ ಯಾಕ ಪಡ್ತಿ?"

ಅರಫಾತ ಮೇಲೆ ನೋಡಿದ. ಗಾಳಿ ಬಂತು, ಸಿಕ್ಕಿಬಿದ್ದ ಗಿಡ ಒಂದು ಗೇಣು ತಿರುಗಿ ನಿಂತಿತು. ಅವನು ಕೊಡಲಿ ಕೆಳಗಿಟ್ಟು, ಮುಖ ಒರೆಸಿಕೊಂಡು, ಹಿಂದೆ ಹೋಗಿ ಕೂತ.

ಗೋಡೆಯ ಪಾಯ ತೋಡಲು ಬಂದಿದ್ದ ಜೆಸಿಬಿಯ ಚಾಲಕ ಹೊಳೆಯಪ್ಪ ಅಷ್ಟು ಹೊತ್ತು ಬೀಡಿ ಸೇದುತ್ತ ನೋಡುತ್ತಿದ್ದ. ಈಗ ಕೆಳಗಿಳಿದು ಬಂದ.

"ತಂಗೀ, ನಿನಗೇನ ಬೇಕ ಹೇಳು."

"ನಿಮ್ಮ ಗಾಡಿ, ಮತ್ತ ಗಿಡಕ್ಕಿಂತ ಉದ್ದ ಇರೋ ಉಕ್ಕಿನ ಹಗ್ಗ. ಬುಡಕ್ಕ ಹಗ್ಗ ಕಟ್ಟಿ ದೂರದಿಂದ ಹಿಂದಕ್ಕ ಜಗ್ಗೋಣು. ಬುಡ ಹಿಂದ ಹೋದಂಗ ತಲಿ ಜಾರಿ ಕೆಳಗ ಬರ್ತದ."

"ಗಾಡಿ ನಾ ತಂದದ್ದು," ಅಂದ ಫಕೀರಪ್ಪ.

"ಓಡಸಾಂವ ನಾ," ಅಂದ ಹೊಳೆಯಪ್ಪ, ಬೀಡಿ ಹೊಸಕುತ್ತ. "ಬ್ಯಾಡಂದ್ರ ಕೀಲಿ ಇಲ್ಲಿ ಐತಿ, ನೀವ ಓಡಸ್ರಿ."

ಹಗ್ಗ ಹುಡುಕಿ ತರುವುದರೊಳಗೆ ಹನ್ನೆರಡೂವರೆ ದಾಟಿತ್ತು. ನಿಶಾತ ಕಾರ್ಖಾನೆಯ ಗೇಟಿಗೆ ಹೋಗಿ, ಈ ದಾರಿ ಬಂದ್, ಬಸ್ಸುಗಳನ್ನು ಮುಂದಿನ ಗೇಟಿಗೆ ಕಳಿಸಿ ಅಂತ ಹೇಳಿ ಬಂದಳು. ಅಷ್ಟು ಸರಳವಾದ ಮಾತನ್ನು ಬೆಳಗಿನಿಂದ ಯಾರೂ ಹೇಳಿರಲಿಲ್ಲ.

ಗಾಳಿ ನಿಲ್ಲುವವರೆಗೆ ಕಾದಳು. ಪ್ಲಗ್ಗು ಮತ್ತೆ ಹಾಕಿದಳು. ಮೋಟಿನ ಪಕ್ಕದಲ್ಲಿ ತಾನು ನಿಲ್ಲುವ ಕಡೆಯಿಂದ ಓರೆಯಾಗಿ ಹಿಂದಕ್ಕೆ, ಕಾಲಿಗೆ ತೊಡಕಾಗುವ ಮುಳ್ಳುಕಂಟಿ ಸವರಿ, ಓಡಲು ದಾರಿ ಮಾಡಿಕೊಂಡಳು. ಅರಫಾತನನ್ನು ಗೆರೆಯ ಹೊರಗೆ ನಿಲ್ಲಿಸಿ ಕೈಗೆ ಒಂದು ಸೀಟಿ ಕೊಟ್ಟಳು. "ನೀ ತುದಿ ಅಷ್ಟ ನೋಡು. ಒಂದ ಎಲಿ ಅಳ್ಳಾಡಿದ್ರೂ ಸೀಟಿ ಊದು. ಕೇಳಸಲಿ ಅಂತ ನಾ ಒಂದ ಕಿವಿ ಮ್ಯಾಲಿನ ಮುಚ್ಚಿಗಿ ತಗದಿರ್ತೇನಿ."

ಬುಡಕ್ಕೆ ಹಗ್ಗ ಬಿಗಿದಾಯಿತು. ಗರಗಸವನ್ನು ನೆಲಕ್ಕಿಟ್ಟು, ಹಿಡಿಕೆಯ ಮೇಲೆ ಕಾಲೂರಿ, ಬ್ರೇಕು ಹಾಕಿ ಚಾಲೂ ಮಾಡುವ ದಾರ ಎಳೆದಳು. ಎರಡನೆಯ ಎಳೆತಕ್ಕೆ ಅದು ಗುರುಗುಟ್ಟಿತು. ಗಿಡದ ಕೆಳಗೆ ನಿಲ್ಲದೆ ಬದಿಗೆ ನಿಂತು, ಅಂಟಿಕೊಂಡಿದ್ದ ನಾಲ್ಕು ಬೆರಳಿನಲ್ಲಿ ಎರಡು ಬೆರಳಷ್ಟನ್ನು ಮುಟ್ಟಿ ಬಿಟ್ಟು, ಮುಟ್ಟಿ ಬಿಟ್ಟು ಕೊಯ್ದಳು. ಮೂರನೆಯ ಸಲ ಮುಟ್ಟಿದಾಗ ಸೀಟಿ ಕೇಳಿಸಿತು. ಗರಗಸ ಆರಿಸಿ, ಸವರಿದ ದಾರಿಯಲ್ಲಿ ಹಿಂದೆ ಬಂದಳು. ಏನೂ ಬೀಳಲಿಲ್ಲ. ಅರಫಾತ ಸಂಕೋಚದಿಂದ, "ಹಕ್ಕಿ ಕುಂತಿತ್ರಿ," ಅಂದ.

"ಛಲೋ ಊದಿದಿ. ಹಂಗ ಊದು," ಎಂದು ಅವಳು ಮತ್ತೆ ಹೋಗಿ, ಕೊಯ್ತ ಮುಗಿಸಿ ಗೆರೆಯಾಚೆ ಬಂದಳು.

ಹೊಳೆಯಪ್ಪ ಜಗ್ಗಲು ಶುರುಮಾಡಿದ. ಹಗ್ಗ ವೀಣೆಯ ತಂತಿಯಂತೆ ಬಿಗಿಯಾಯಿತು. ಅಷ್ಟರಲ್ಲಿ ಫಕೀರಪ್ಪ ಗೆರೆ ದಾಟಿ, ಹಗ್ಗದ ಹತ್ತಿರವೇ ಬಂದು ನಿಂತಿದ್ದ. ನಿಶಾತ ಕೈ ಎತ್ತಿದಳು. ಜೆಸಿಬಿ ನಿಂತಿತು.

"ಹಗ್ಗ ಹರದ್ರ ನಿಮ್ಮ ಕಾಲು ಹೋಗ್ತಾವ್ರಿ. ಹಿಂದ ಸರೀರಿ."

"ನನ್ನ ಕೆಲಸ, ನನ್ನ ಜಾಗಾ."

"ಹೌದ್ರಿ. ನೀವು ಸರಿಯೂತನಕ ಯಾರೂ ಏನೂ ಮುಟ್ಟೂದಿಲ್ಲ."

ಅವಳು ಕೈ ಇಳಿಸಲಿಲ್ಲ. ಫಕೀರಪ್ಪ ಆಳುಗಳ ಮುಖ ನೋಡಿದ. ಹೊಳೆಯಪ್ಪ ಎಂಜಿನ್ನನ್ನೇ ಆರಿಸಿಬಿಟ್ಟ. ಆ ಮೌನದಲ್ಲಿ ಗಿಡ ಕಿರುಗುಟ್ಟುವ ಸಪ್ಪಳ ಎಲ್ಲರಿಗೂ ಕೇಳಿಸಿತು. ಕಡೆಗೆ ಫಕೀರಪ್ಪ ಏನೋ ಗೊಣಗುತ್ತ ಒಂದೊಂದೇ ಹೆಜ್ಜೆ ಹಿಂದಿಟ್ಟು ಗೆರೆಯಾಚೆ ಹೋದ.

ಎರಡನೆಯ ಸಲ ಜಗ್ಗಿದಾಗ ಬುಡ ಮೋಟಿನಿಂದ ಕಿತ್ತು ಮಣ್ಣಿಗೆ ಬಿತ್ತು. ಉಳುಮೆ ಮಾಡಿದ ಹಾಗೆ ನೆಲ ಸೀಳುತ್ತ ಹಿಂದಕ್ಕೆ ಸರಿಯಿತು. ತುದಿ ಬೇವಿನ ಎಲೆಗಳನ್ನು ಸುರಿಸುತ್ತ ಜಾರಿ, ಇಡೀ ಗಿಡ ಧಡ್ ಎಂದು ಮಲಗಿತು. ಆಳುಗಳು ನಿಟ್ಟುಸಿರು ಬಿಟ್ಟರು. ಫಕೀರಪ್ಪ ಮುಂದೆ ಬರಲು ಕಾಲೆತ್ತಿದ.

"ಇನ್ನಾ ಇಲ್ಲ," ಅಂದಳು ನಿಶಾತ.

ಅವನು ನಿಂತ. ಬೇವಿನಲ್ಲಿ ಏನೋ ಚಟ್ ಅಂದಿತು. ತೊಡೆ ದಪ್ಪದ ಒಂದು ಮುರಿದ ಟೊಂಗೆ ನಿಧಾನವಾಗಿ ಕಳಚಿಕೊಂಡು, ಬೇವಿನ ಬುಡಕ್ಕೆ ಬಂದು ಬಿತ್ತು. ಅರಫಾತ ಆ ಜಾಗವನ್ನು ಬಹಳ ಹೊತ್ತು ನೋಡಿದ.

ಹೊರಡುವಾಗ ಫಕೀರಪ್ಪ ಅವಳ ಮುಖ ನೋಡದೆ ಹೇಳಿದ: "ಇನ್ನಾ ಒಂಬತ್ತ ಅದಾವು. ನಾಳೆ ಮುಜಮ್ಮಿಲನ್ನ ಕಳಸು. ನೀ ಬರಬ್ಯಾಡ."

"ಅಂವಾ ಬರೂದಿಲ್ರಿ. ನಾನೂ ಬರೂದಿಲ್ಲ, ಅರಫಾತಗ, ಉಳಿದವರಿಗೆ ತಲಿಗೆ ಟೋಪಿ, ಕಾಲಿಗೆ ಬೂಟು ಕೊಡಸೂತನಕ. ಕೊಡಸಿದ ದಿನ ಫೋನ್ ಮಾಡ್ರಿ."

ಅವನು ಮಾಡಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಮುಜಮ್ಮಿಲ ಚೈನು ಮಸೆಯುತ್ತ, "ಸ್ವಲ್ಪ ತಗ್ಗಿ ಮಾತಾಡಬಹುದಿತ್ತೇನೋ," ಅಂದ. ಹೆಂಡತಿ ಅವನ ಕೆನ್ನೆಯ ಗಾಯದ ಗುರುತನ್ನು ನೋಡಿದಳು. ಅವನು ಕಣ್ಣು ತಗ್ಗಿಸಿ ಮತ್ತೆ ಚೈನು ಮಸೆಯತೊಡಗಿದ.

ನಾಲ್ಕನೆಯ ದಿನ ಬೆಳಿಗ್ಗೆ ಅರಫಾತ ಅಂಗಡಿಯ ಮುಂದೆ ಬಂದು ನಿಂತ. ಫಕೀರಪ್ಪ ಬೇರೆ ಇಬ್ಬರನ್ನು ಕರೆಸಿದ್ದನಂತೆ. ಒಬ್ಬ ನೋಡಿ ವಾಪಸು ಹೋದ, ಇನ್ನೊಬ್ಬ ಬರುತ್ತೇನೆ ಅಂದಿದ್ದಾನೆ.

"ನಂಗೂ ಬಾ ಅಂದ್ರು. ಟೋಪಿ ಇಲ್ದ ಬರೂದಿಲ್ಲ ಅಂತ ಹೇಳಿ ಬಂದೇನ್ರಿ," ಅಂದ. ಹೇಳಿದ್ದು ತಾನೇ ಹೌದೋ ಅಲ್ಲವೋ ಎಂಬಂಥ ಧ್ವನಿ. "ಅವರು ಇನ್ನ ಮ್ಯಾಲೆ ಕರೀದಿದ್ರ?"

"ಕರೀದಿದ್ರ ಬಿಡು. ಹುಬ್ಬಳ್ಳಿ-ಧಾರವಾಡದಾಗ ಗಿಡ ಅವರ ಹಿತ್ತಲದಾಗ ಅಷ್ಟ ಅದಾವೇನು?"

ಅವಳು ಆರಿಸಿಟ್ಟ ಗರಗಸವನ್ನು ಅವನ ಮುಂದೆ ಇಟ್ಟಳು. ಅವನು ಮುಂದಿನ ಹಿಡಿಕೆಯನ್ನು ಹೆಬ್ಬೆರಳು ಮೇಲೆ ಚಾಚಿ ಹಿಡಿದ. ಇಪ್ಪತ್ತು ವರ್ಷದಿಂದ ಹಾಗೇ ಹಿಡಿದಿದ್ದ ಅಂತ ಕಾಣುತ್ತದೆ. ನಿಶಾತ ಆ ಹೆಬ್ಬೆರಳನ್ನು ತಿರುವಿ ಹಿಡಿಕೆಯ ಕೆಳಗೆ ತಂದು, ಉಳಿದ ಬೆರಳುಗಳಿಗೆ ಕೂಡಿಸಿದಳು.

"ಹಿಂಗ," ಅಂದಳು. "ಈಗ ಅದು ಚಿಮ್ಮಿದ್ರೂ ನಿನ್ನ ಕೈ ಬಿಡೂದಿಲ್ಲ."